ಕೋಡೆಕ್ ಅಂದರೆ ಏನು? ಡೌನ್‌ಲೋಡ್ ಆದ ಆಡಿಯೊ ಯಾಕೆ ಪ್ಲೇ ಆಗುವುದಿಲ್ಲ?

ಆಡಿಯೊ ಫೈಲ್ ಪೂರ್ತಿ ಡೌನ್‌ಲೋಡ್ ಆಗಿದೆ, ಸೈಜ್ ಕೂಡ ಸರಿಯಾಗಿದೆ, ಆದರೆ ಡಬಲ್ ಕ್ಲಿಕ್ ಮಾಡಿದರೆ ಪ್ಲೇ ಮಾಡಲು ಆಗುವುದಿಲ್ಲ ಅಂತ ಬರುತ್ತದೆ. ಫೈಲ್ ಕೆಟ್ಟಿದೆ ಅಂದುಕೊಂಡು ಅಳಿಸಿ ಮತ್ತೆ ಡೌನ್‌ಲೋಡ್ ಮಾಡಬೇಡಿ. ಎಷ್ಟೋ ಸಲ ಫೈಲ್ ಚೆನ್ನಾಗಿಯೇ ಇರುತ್ತದೆ, ಅದನ್ನು ಬಿಡಿಸುವ ಕೋಡೆಕ್ ನಿಮ್ಮ ಪ್ಲೇಯರ್ ಹತ್ತಿರ ಇರುವುದಿಲ್ಲ, ಅಷ್ಟೇ.

ಕೋಡರ್, ಡಿಕೋಡರ್ ಎರಡೂ ಸೇರಿ ಕೋಡೆಕ್. ಸದ್ದನ್ನು ಒತ್ತಿ ಚಿಕ್ಕದು ಮಾಡುವುದು ಮೊದಲಿನದರ ಕೆಲಸ, ಕೇಳುವಾಗ ಬಿಡಿಸಿಕೊಡುವುದು ಎರಡನೆಯದರ ಕೆಲಸ. ಯಾಕೆ ಒತ್ತಬೇಕು? ಆಡಿಯೊ ಸಿ.ಡಿ.ಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಹಾಗಾಗಿ ಒಂದು ನಿಮಿಷಕ್ಕೇ ಸುಮಾರು 10 ಎಂಬಿ ಬೇಕು. ಅದನ್ನೇ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ 1 ಎಂಬಿ ಸಾಕು! ಜೋರು ಸದ್ದು ಬಂದಾಗ ಅದರಲ್ಲಿ ಮುಚ್ಚಿಹೋಗುವ ಸಣ್ಣ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ, ಅಂಥದ್ದನ್ನೆಲ್ಲ ಎಂಪಿ3 ಕೈಬಿಡುತ್ತದೆ. ಇದನ್ನು ಕಂಡುಹಿಡಿದವರ ಜಾಣತನ ನನಗೆ ಇವತ್ತಿಗೂ ಬೆರಗು. 2001ರಲ್ಲಿ ಬಂದ ಫ್ಲ್ಯಾಕ್ ಅನ್ನುವ ಕೋಡೆಕ್ ಹಾಗಲ್ಲ, ಅದು ಏನನ್ನೂ ಬಿಡದೆ ಮಡಚಿಡುತ್ತದೆ, ಅದಕ್ಕೇ ಫೈಲ್ ದೊಡ್ಡದು. ಒಮ್ಮೆ ಎಂಪಿ3 ಆದದ್ದನ್ನು ಮತ್ತೆ ಫ್ಲ್ಯಾಕ್ ಮಾಡಿದರೆ ಸುಮ್ನೆ ಜಾಗ ದಂಡ, ಹೋದ ಸದ್ದು ವಾಪಸ್ ಬರುವುದಿಲ್ಲ.

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಫೈಲ್ ಹೆಸರಿನ ಬಾಲದ ವಿಷಯದಲ್ಲಿ. ಎಂ4ಎ, ಓಜಿಜಿ ಇವೆಲ್ಲ ಡಬ್ಬಿಗಳು, ಒಳಗಿರುವುದು ಯಾವುದೋ ಒಂದು ಕೋಡೆಕ್ ಒತ್ತಿದ ಸದ್ದು. ಎಂ4ಎ ಡಬ್ಬಿಯೊಳಗೆ ಎಎಸಿ ಇರಬಹುದು, ಆಪಲ್‌ನ ಆಲ್ಯಾಕ್ ಕೂಡ ಇರಬಹುದು. ಓಜಿಜಿಯೊಳಗೆ ವೋರ್ಬಿಸ್ ಅಥವಾ ಓಪಸ್ ಇರಬಹುದು. ಡಬ್ಬಿಯ ಮೇಲಿನ ಚೀಟಿ ಬದಲಾಯಿಸಿದರೆ ಒಳಗಿನದು ಬದಲಾಗುವುದಿಲ್ಲ ಅಲ್ವಾ? ಹೆಸರಿನ ಕೊನೆಯಲ್ಲಿ ಎಂಪಿ3 ಅಂತ ಟೈಪ್ ಮಾಡಿದ ಮಾತ್ರಕ್ಕೆ ಫೈಲ್ ಎಂಪಿ3 ಆಗುವುದಿಲ್ಲ.

ಹಾಗಾದರೆ ಕಂಪ್ಯೂಟರ್‌ನಲ್ಲಿ ಏನು ಮಾಡಬೇಕು? ವಿಎಲ್‌ಸಿಯಂಥ ಉಚಿತ ಪ್ಲೇಯರ್ ಅನ್ನು ಅದರದೇ ಅಧಿಕೃತ ಸೈಟ್‌ನಿಂದ ಹಾಕಿಕೊಳ್ಳಿ. ಅದು ತನಗೆ ಬೇಕಾದ ಡಿಕೋಡರ್‌ಗಳನ್ನು ಜೊತೆಗೇ ತರುತ್ತದೆ. ಆಮೇಲೆ ವಿಂಡೋಸ್‌ನಲ್ಲಾದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ವಿತ್‌ನಲ್ಲಿ ಅದನ್ನೇ ಯಾವಾಗಲೂ ತೆರೆಯುವ ಪ್ಲೇಯರ್ ಆಗಿ ಆರಿಸಿ. ಗುರುತು ಪರಿಚಯ ಇಲ್ಲದ ಸೈಟ್‌ಗಳಲ್ಲಿ ‘ಕೋಡೆಕ್ ಇಲ್ಲ, ಇದನ್ನು ಹಾಕಿ’ ಅಂತ ಬಂದರೆ ದಯವಿಟ್ಟು ಕ್ಲಿಕ್ ಮಾಡಬೇಡಿ, ಆ ನೆಪದಲ್ಲಿ ವೈರಸ್ ಹಾಕಿಸುವುದು ಬಹಳ ಹಳೆಯ ಮೋಸ.

ಪ್ಲೇಯರ್‌ನಲ್ಲಿ ಸಮಯ ಓಡುತ್ತಿದೆ, ಸದ್ದು ಮಾತ್ರ ಇಲ್ಲ ಅಂದರೆ ಮೊದಲು ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಸರಿಯಾದ ಸ್ಪೀಕರ್ ಆಯ್ಕೆಯಾಗಿದೆಯಾ ನೋಡಿ. ಒಳಗೆ ಯಾವ ಕೋಡೆಕ್ ಇದೆ ಅಂತ ತಿಳಿಯಬೇಕಾದರೆ ವಿಎಲ್‌ಸಿಯಲ್ಲಿ ಫೈಲ್ ಪ್ಲೇ ಆಗುತ್ತಿರುವಾಗಲೇ ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಶನ್ ತೆರೆಯಿರಿ. ಡಬ್ಬಿಯೊಳಗಿನ ಹೆಸರು ಅಲ್ಲಿ ಕಾಣುತ್ತದೆ.