ತೊಡೆಯ ಸಂದಿನ ಅಳತೆ

ಸಕಲೇಶಪುರದ ಸುತ್ತಮುತ್ತ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗಿಸುವುದು ಬಚ್ಚಲ ಒಲೆಯ ಮೇಲಿನ ಗಳುವಿನ ಕೆಲಸವೇ ಹೊರತು ಬಿಸಿಲಿನದಲ್ಲ. ಹಳೆಯ ಪಂಚೆ ಹರಿದು ಮಾಡಿದ ನನ್ನ ಲಂಗೋಟಿಗಳೆಲ್ಲ ಹೊಗೆಯ ವಾಸನೆ ಹೊತ್ತೇ ಒಣಗುತ್ತಿದ್ದವೆಂದು ಅಮ್ಮ ಈಗಲೂ ನೆನೆಯುತ್ತಾರೆ. ನನ್ನ ಮಗಳಿಗೆ ಹತ್ತು ತಿಂಗಳಾದ ಜುಲೈನಲ್ಲಿ ಆ ಗಳುವೂ ಸಾಲದಾಗಿ, ರಾತ್ರಿಗಷ್ಟೇ ಹಾಕುತ್ತಿದ್ದ ಡೈಪರನ್ನು ಹಗಲಿಗೂ ಹಾಕತೊಡಗಿದೆವು. ವಾರದೊಳಗೆ ಅವಳ ಎರಡೂ ತೊಡೆಗಳ ಸುತ್ತ ದಾರ ಬಿಗಿದಂತೆ ಕೆಂಪು ಗೆರೆ ಮೂಡಿತು. ಪೊಟ್ಟಣದ ಮೇಲೆ ಅಚ್ಚಾಗಿದ್ದ ತೂಕದ ಮಿತಿಯೊಳಗೇ ಅವಳಿದ್ದಳು. ಆ ಗೆರೆಗೆ ಕಾರಣ ಹುಡುಕುತ್ತ ಹೊರಟ ನನಗೆ, ಡೈಪರಿನ ವಿನ್ಯಾಸದಲ್ಲಿ ಅತ್ಯಂತ ಕಠಿಣವಾದ ಜಾಗ ಮಗುವಿನ ಎರಡು ತೊಡೆಗಳ ನಡುವಿನ ಕೆಲವೇ ಅಂಗುಲಗಳೆಂಬುದು ಮನವರಿಕೆಯಾಯಿತು.

ಹೊಸ ಡೈಪರೊಂದನ್ನು ಕತ್ತರಿಸಿ ಹಳೆಯ ಪತ್ರಿಕೆಯ ಮೇಲೆ ಮೆಲ್ಲಗೆ ಕೊಡವಿದರೆ, ಮರದ ತಿರುಳಿನಿಂದ ತಯಾರಿಸಿದ ಹತ್ತಿಯಂಥ ನಾರಿನ ನಡುವಿನಿಂದ ಸಣ್ಣ ಸಕ್ಕರೆಯಂಥ ಬಿಳಿ ಹರಳುಗಳು ಉದುರುತ್ತವೆ. ಇವು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರ್‌ನ ಹರಳುಗಳು. ಒಂದು ಚಮಚ ಹರಳನ್ನು ಲೋಟಕ್ಕೆ ಹಾಕಿ ನೀರು ಸುರಿದರೆ ಕ್ಷಣಗಳಲ್ಲಿ ಅದು ಗಟ್ಟಿ ಲೋಳೆಯಾಗುತ್ತದೆ. ಅದರ ಮೇಲೆ ಅಡುಗೆ ಉಪ್ಪು ಉದುರಿಸಿ ಕಲಕಿದರೆ ಲೋಳೆ ಕುಗ್ಗಿ ನೀರನ್ನು ಬಿಟ್ಟುಕೊಡುತ್ತದೆ. ಹರಳಿನೊಳಗೆ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಸೋಡಿಯಂ ಕಣಗಳು, ದಟ್ಟವಾಗಿರುವುದರಿಂದಲೇ ಹೊರಗಿನ ನೀರು ಒಳನುಗ್ಗುತ್ತದೆ. ಹೊರಗೂ ಉಪ್ಪು ಸೇರಿದರೆ ಆ ಸೆಳೆತ ಸಡಿಲಗೊಳ್ಳುತ್ತದೆ. ಆದ್ದರಿಂದಲೇ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುವ ಈ ವಸ್ತು, ಲವಣಗಳಿರುವ ಮೂತ್ರವನ್ನು ಹೀರುವಾಗ ಕೆಲವು ಹತ್ತು ಪಟ್ಟಿಗೆ ನಿಲ್ಲುತ್ತದೆ. ಅಷ್ಟಾದರೂ ಅದು ದೊಡ್ಡ ಗಳಿಕೆಯೇ, ಏಕೆಂದರೆ ನಾರಿನಲ್ಲಿ ನಿಂತ ನೀರು ಮಗು ಕುಳಿತೊಡನೆ ಹಿಂಡಿಕೊಂಡು ಹೊರಬರುತ್ತದೆ, ಲೋಳೆಯಲ್ಲಿ ಸೇರಿದ ನೀರು ಅಷ್ಟು ಸುಲಭಕ್ಕೆ ಬರುವುದಿಲ್ಲ.

1961ರಲ್ಲಿ ಪ್ಯಾಂಪರ್ಸ್ ಎಂಬ ಡೈಪರ್ ಅಮೆರಿಕದ ಪಿಯೋರಿಯಾ ನಗರದಲ್ಲಿ ಮೊದಲು ಪರೀಕ್ಷಾರ್ಥವಾಗಿ ಮಾರಾಟಕ್ಕೆ ಬಂದಾಗ ಅದರಲ್ಲಿ ಈ ಹರಳಿರಲಿಲ್ಲ. ಹೆಚ್ಚು ಹೀರಬೇಕಾದರೆ ಹೆಚ್ಚು ನಾರು ತುಂಬಬೇಕಿತ್ತು, ಮಗುವಿನ ಕಾಲುಗಳ ನಡುವೆ ದಿಂಬಿಟ್ಟಂತಾಗುತ್ತಿತ್ತು. ಅದೇ ಪಿಯೋರಿಯಾದಲ್ಲಿದ್ದ ಸರ್ಕಾರಿ ಕೃಷಿ ಸಂಶೋಧನಾಲಯದ ವಿಜ್ಞಾನಿಗಳು ಪಿಷ್ಟದಿಂದ, ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರುವ ಮಹಾಹೀರುಕವೊಂದನ್ನು ರೂಪಿಸಿದರು. ಮಣ್ಣಿನಲ್ಲಿ ತೇವ ಹಿಡಿದಿಡುವುದು ಅದರ ಉಪಯೋಗಗಳಲ್ಲೊಂದು. ಅರಸೀಕೆರೆಯ ಒಣ ಹೊಲಗಳನ್ನು ನೋಡಿ ಬೆಳೆದವರಿಗೆ ಆ ಆಸೆ ಸುಲಭವಾಗಿ ಅರ್ಥವಾಗುತ್ತದೆ. 1980ರ ದಶಕದಲ್ಲಿ ಇಂಥ ಹರಳುಗಳು ಡೈಪರಿನೊಳಗೆ ಬಂದ ಮೇಲೆ ಅದರ ದಪ್ಪ ತಗ್ಗಿತು.

ಹರಳು ಮಾತ್ರ ಸಾಲದು. ಹರಳುಗಳೆಲ್ಲ ಒಂದೆಡೆ ಉಬ್ಬಿ ಒತ್ತಿಕೊಂಡರೆ ಲೋಳೆಯೇ ಒಡ್ಡಾಗಿ, ಅದರ ಹಿಂದಿನಿಂದ ಬರುವ ದ್ರವಕ್ಕೆ ದಾರಿ ಸಿಗದೆ ಅದು ಪಕ್ಕಕ್ಕೆ ಸೋರುತ್ತದೆ. ಅದಕ್ಕಾಗಿ ಮೈಗೆ ತಾಗುವ ಪದರದ ಕೆಳಗೆ, ಒತ್ತಿದರೂ ಮತ್ತೆ ಎದ್ದುನಿಲ್ಲುವ ನಾರಿನ ತೆಳು ಹಾಸೊಂದನ್ನು ಇಡುತ್ತಾರೆ. ಅದು ದ್ರವವನ್ನು ಕ್ಷಣಕಾಲ ಹಿಡಿದು, ಹಿಂದಕ್ಕೂ ಮುಂದಕ್ಕೂ ಹರಡಿ, ಕೆಳಗಿನ ಹರಳುಗಳಿಗೆ ಹಂಚುತ್ತದೆ. ಮಗು ಒದ್ದೆಯೆಂದು ಅಳುವುದೋ ನಿದ್ರಿಸುವುದೋ ಎಂಬುದು ಬಹುಮಟ್ಟಿಗೆ ಈ ಹಾಸಿನ ಕೈಯಲ್ಲಿದೆ. ನನ್ನ ಮಟ್ಟಿಗೆ ಇದೇ ಡೈಪರಿನ ಅತ್ಯಂತ ಜಾಣ ಭಾಗ.

ಹೊರಪದರ ಉಸಿರಾಡುತ್ತದೆಂಬ ಮಾತು ಸುಳ್ಳಲ್ಲ. ಸುಣ್ಣಕಲ್ಲಿನ ನುಣ್ಣನೆಯ ಪುಡಿ ಬೆರೆಸಿದ ಪಾಲಿಥೀನ್ ಹಾಳೆಯನ್ನು ಹಿಗ್ಗಿಸಿದಾಗ ಪ್ರತಿ ಕಣದ ಸುತ್ತಲೂ ಅತಿಸೂಕ್ಷ್ಮ ರಂಧ್ರಗಳು ಬಿಡುತ್ತವೆ. ಆವಿ ಅವುಗಳ ಮೂಲಕ ಹೊರಹೋಗುತ್ತದೆ, ದ್ರವ ಹೋಗುವುದಿಲ್ಲ. ಆದರೆ ಆವಿ ಹೊರಹೋಗುವುದು ಒಳಗೂ ಹೊರಗೂ ಇರುವ ಆವಿಯ ಒತ್ತಡದ ಅಂತರದಿಂದ. 34 ಡಿಗ್ರಿ ಸೆಲ್ಸಿಯಸ್‌ನ ತೇವಭರಿತ ಒಳಭಾಗದಲ್ಲಿ ಆ ಒತ್ತಡ ಸುಮಾರು 5.3 ಕಿಲೊಪಾಸ್ಕಲ್. ಬೇಸಿಗೆಯ ಮಧ್ಯಾಹ್ನ ಹಾಸನದ ಬಯಲಿನಲ್ಲಿ 34 ಡಿಗ್ರಿ ಬಿಸಿಯೂ ಶೇಕಡ 30ರ ಆರ್ದ್ರತೆಯೂ ಇದ್ದರೆ ಹೊರಗಿನದು 1.6, ಮಳೆಗಾಲದ ಮಲೆನಾಡಿನಲ್ಲಿ 22 ಡಿಗ್ರಿಯ ಗಾಳಿ ನೀರಾವಿಯಿಂದ ತುಂಬಿದ್ದರೆ 2.6. ಎಂದರೆ ಜಡಿಮಳೆಯ ದಿನ ಅದೇ ಡೈಪರಿನ ಉಸಿರು ಸುಮಾರು ಕಾಲುಭಾಗ ಕುಗ್ಗುತ್ತದೆ. ಅದರ ಮೇಲೆ ಚಳಿಗೆಂದು ನಾವು ಉಣ್ಣೆಯ ಚಡ್ಡಿ, ಕಂಬಳಿ ಹೊದಿಸುತ್ತೇವೆ. ತೇವದಲ್ಲಿ ನೆನೆದ ಚರ್ಮ ಉಜ್ಜಿದರೆ ಬೇಗ ಸುಲಿಯುತ್ತದೆ. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆದರೆ ಚರ್ಮದ ಸಹಜ ಆಮ್ಲತೆ ತಗ್ಗಿ, ಮಲದಲ್ಲಿರುವ ಕಿಣ್ವಗಳು ಚುರುಕಾಗಿ ಕೆಂಪು ಗುಳ್ಳೆಗಳೇಳುತ್ತವೆ. ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ಡೈಪರನ್ನು ಪೊಟ್ಟಣ ಹೇಳುವುದಕ್ಕಿಂತ ಬೇಗ ಬದಲಿಸಬೇಕೆಂದು ನಾನು ನಂಬಿದ್ದೇನೆ.

ಇನ್ನು ಆ ಕೆಂಪು ಗೆರೆ. ಮೊದಲ ಡೈಪರುಗಳು ಮಡಿಸಿದ ಆಯತಗಳಂತಿದ್ದು ತೊಡೆಯ ಬಳಿ ಬಾಯಿಬಿಡುತ್ತಿದ್ದವು. ಅಂಚಿಗೆ ಸ್ಥಿತಿಸ್ಥಾಪಕ ಎಳೆಗಳನ್ನು ಹಿಗ್ಗಿಸಿ ಅಂಟಿಸಿ ನೆರಿಗೆ ತರುವ ವಿಧಾನಕ್ಕೆ ಪ್ಯಾಂಪರ್ಸ್ ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಕೆನೆತ್ ಬ್ಯೂಯೆಲ್ 1975ರಲ್ಲಿ ಪೇಟೆಂಟ್ ಪಡೆದರು. ಎಳೆಯೊಂದು ದುಂಡನೆಯ ಅಂಗವನ್ನು ಸುತ್ತಿದಾಗ ಚರ್ಮದ ಮೇಲೆ ಬೀಳುವ ಒತ್ತಡ ಎಳೆಯ ಬಿಗಿತದೊಂದಿಗೆ ಏರುತ್ತದೆ, ಎಳೆ ತಾಗುವ ಅಗಲ ಹೆಚ್ಚಿದಂತೆ ಇಳಿಯುತ್ತದೆ. ಒಂದೇ ದಪ್ಪ ಎಳೆಯ ಬದಲು ಹಲವು ತೆಳು ಎಳೆಗಳನ್ನು ಅಂತರವಿಟ್ಟು ಹೂಡುವುದು ಅದಕ್ಕಾಗಿಯೇ. ಆದರೆ ಒಂದೇ ತೂಕದ ಎರಡು ಮಕ್ಕಳಲ್ಲಿ ಒಬ್ಬರ ತೊಡೆ ತೆಳ್ಳಗೆ, ಇನ್ನೊಬ್ಬರದು ಮಡಿಕೆಬಿದ್ದು ದುಂಡಗಿರುತ್ತದೆ. ತೂಕದ ಅಂಕಿ ಅದನ್ನು ಹೇಳಲಾರದು. ನನ್ನ ಮಗಳ ದುಂಡು ತೊಡೆಗೆ ಎಳೆ ಅಳತೆಮೀರಿ ಹಿಗ್ಗಿತ್ತು. ತೊಡೆ ಹೊಟ್ಟೆಗೆ ಸೇರುವ ಸಂದಿನಲ್ಲಿ ಕೂರಬೇಕಾದ ಅಂಚು ತೊಡೆಯ ಮಾಂಸದ ಮೇಲೆಯೇ ಜಾರಿ ಕುಳಿತಿತ್ತು. ಪೊಟ್ಟಣಗಳ ಮೇಲೆ ತೊಡೆಯ ಸುತ್ತಳತೆಯನ್ನೂ ಮುದ್ರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಅಂದದ ಮಾತೂ ಇದಕ್ಕೆ ಹೊರತಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ನೇಯದ ನಾರಿನ ತೆಳು ಬಟ್ಟೆ ಅಂಟಿಸಿದ ಮೇಲೆ ಹೊಳಪೂ ಸರಸರ ಸದ್ದೂ ಹೋಗಿ, ಕೈಗೆ ಬಟ್ಟೆಯ ಮೃದುತ್ವ ಬಂತು. ನೆನೆದಾಗ ಹಳದಿಯಿಂದ ನೀಲಿಗೆ ತಿರುಗುವ ಗೆರೆ ನೋಡಲು ಅಲಂಕಾರದಂತಿದ್ದರೂ, ಆಮ್ಲತೆಗೆ ತಕ್ಕಂತೆ ಬಣ್ಣ ಬದಲಿಸುವ ರಾಸಾಯನಿಕವೊಂದರ ಕೆಲಸ ಅದು; ರಾತ್ರಿ ಮಗುವನ್ನು ಎಬ್ಬಿಸದೆ ನೋಡಲು ನಮಗೆ ಬಹಳ ನೆರವಾಗಿದೆ. ನೆನೆದು ಜೋತುಬಿದ್ದ ಡೈಪರ್ ನೋಡಲು ಚೆನ್ನಾಗಿರುವುದಿಲ್ಲವೆಂಬುದು ನಿಜ, ಆದರೆ ಜೋತುಬಿದ್ದದ್ದು ನಡಿಗೆಗೂ ತೊಡಕು. 2012ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 13 ಮತ್ತು 19 ತಿಂಗಳ ಮಕ್ಕಳನ್ನು ಬರಿಮೈಯಲ್ಲಿ, ತೆಳು ಡೈಪರಿನಲ್ಲಿ, ದಪ್ಪ ಬಟ್ಟೆಯ ಡೈಪರಿನಲ್ಲಿ ನಡೆಸಿ ನೋಡಿದಾಗ, ಬರಿಮೈಯಲ್ಲೇ ಅವರ ಹೆಜ್ಜೆ ಹೆಚ್ಚು ಪಕ್ವವಾಗಿತ್ತು. ತೆಳು ಡೈಪರ್ ಕೂಡ ನಡಿಗೆಯನ್ನು ಕೆಡಿಸಿತ್ತು. ಈಚಿನ ಡೈಪರುಗಳಲ್ಲಿ ಹೀರುವ ಭಾಗದ ನಡುವೆ ಉದ್ದನೆಯ ಕಾಲುವೆಗಳನ್ನು ಬಿಟ್ಟು, ಉಬ್ಬಿದ ಲೋಳೆ ನಡುವಿಗೆ ಜಗ್ಗದಂತೆ ತಡೆಯುವ ಪ್ರಯತ್ನ ಇದೇ ಜಾಗಕ್ಕಾಗಿ ನಡೆದಿದೆ.

ನಾವು ಒಂದು ಅಳತೆ ದೊಡ್ಡದನ್ನು ತಂದು, ಕಾಲಿನ ಅಂಚು ಒಳಮಡಿಸಿಕೊಳ್ಳದಂತೆ ಬೆರಳಿನಿಂದ ಹೊರಗೆಳೆದು, ಸೊಂಟದ ಬಳಿ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟೆವು. ಮಳೆ ಬಿಡದಿದ್ದರೂ ದಿನಕ್ಕೆರಡು ಬಾರಿ ಅವಳನ್ನು ಅಗ್ಗಿಷ್ಟಿಕೆಯ ಹಿತವಾದ ಬಿಸಿಯಿದ್ದ ಕೋಣೆಯಲ್ಲಿ ಬರಿಮೈಯಲ್ಲಿ ಆಡಲು ಬಿಡುತ್ತಿದ್ದೆವು. ನಾಲ್ಕನೆಯ ದಿನ ಬಲತೊಡೆಯ ಗೆರೆ ಮಾಸಿತ್ತು, ಎಡತೊಡೆಯದು ಇನ್ನೆರಡು ದಿನ ಉಳಿಯಿತು.