ಲಕೋಟೆ ತೆರೆಯುವವರೇ ಮತ ಎಣಿಸುತ್ತಾರೆಯೇ?

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯದ ಪ್ರತಿನಿಧಿಗಳು (ಎಲೆಕ್ಟರ್‌ಗಳು) ಹಾಕುವ ಎಲೆಕ್ಟೋರಲ್ ಮತಗಳ ಎಣಿಕೆ ಉಪಾಧ್ಯಕ್ಷರ ಕೈಯಲ್ಲಿರುತ್ತದಂತೆ. ಹಾಗಿದ್ದರೆ ಒಪ್ಪಿಗೆಯಾಗದ ರಾಜ್ಯದ ಮತಗಳನ್ನು ಅವರು ತಳ್ಳಿಹಾಕಬಹುದೇ?

ಉತ್ತರ: ಇಲ್ಲ. ಅವರು ರಾಜ್ಯಗಳಿಂದ ಬಂದ ಮತಗಳ ಲಕೋಟೆ ತೆರೆಯುತ್ತಾರೆ, ಸಭೆ ನಡೆಸುತ್ತಾರೆ, ಕೊನೆಗೆ ಮೊತ್ತ ಓದುತ್ತಾರೆ. ಎಣಿಸುವವರೂ ಬೇರೆ, ತಕರಾರು ತೀರ್ಮಾನಿಸುವವರೂ ಬೇರೆ.

ಗೊಂದಲದ ಮೂಲ ಇರುವುದು ವ್ಯಾಕರಣದಲ್ಲಿ. ನಮ್ಮ ರಾಜ್ಯಸಭೆಗೆ ಉಪರಾಷ್ಟ್ರಪತಿ ಸಭಾಪತಿಯಾಗಿರುವಂತೆ ಅಲ್ಲಿ ಸೆನೆಟ್‌ಗೆ ಉಪಾಧ್ಯಕ್ಷರೇ ಅಧ್ಯಕ್ಷರು. 1804ರಲ್ಲಿ ಜಾರಿಗೆ ಬಂದ ಸಂವಿಧಾನದ 12ನೇ ತಿದ್ದುಪಡಿಯ ಪ್ರಕಾರ, ಸೆನೆಟ್‌ನ ಅಧ್ಯಕ್ಷರು ಎರಡೂ ಸದನಗಳ ಎದುರು ರಾಜ್ಯಗಳ ಮತಗಳ ಪ್ರಮಾಣಪತ್ರಗಳನ್ನು ತೆರೆಯಬೇಕು, ಬಳಿಕ ಮತಗಳನ್ನು 'ಎಣಿಸಲಾಗುವುದು'. ಯಾರು ಎಣಿಸಬೇಕು? ಅದು ಬರೆದಿಲ್ಲ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ಕಚೇರಿ ಉತ್ತರ ಓದಿ ಗೊತ್ತಿರುವವರಿಗೆ ಇದರ ತೊಂದರೆ ಬಿಡಿಸಿ ಹೇಳಬೇಕಿಲ್ಲ. 1876ರ ಚುನಾವಣೆಯಲ್ಲಿ ಕೆಲವು ರಾಜ್ಯಗಳಿಂದ ಎರಡೆರಡು ಮತಪಟ್ಟಿ ಬಂದು, 15 ಮಂದಿಯ ಆಯೋಗ ಕೂತು, ಅಭ್ಯರ್ಥಿ ರುದರ್‌ಫರ್ಡ್ ಹೇಸ್ 185-184ರಲ್ಲಿ ಗೆದ್ದರು. ಆ ಪಾಡು ಮತ್ತೆ ಬೇಡವೆಂದು 1887ರಲ್ಲಿ ಎಣಿಕೆಗೊಂದು ಕಾನೂನು ಮಾಡಿದರು. ಅದರ ಭಾಷೆಯೂ ತೊಡಕಾಗಿಯೇ ಇತ್ತು.

ಈಗ ನಡೆಯುವ ಕ್ರಮ ಹೀಗಿದೆ. ಡಿಸೆಂಬರ್‌ನಲ್ಲಿ, ಎರಡನೇ ಬುಧವಾರದ ನಂತರದ ಮಂಗಳವಾರ, ಆಯಾ ರಾಜ್ಯದ ಎಲೆಕ್ಟರ್‌ಗಳು ಸೇರಿ ಮತ ಹಾಕಿ, ಸಹಿ ಮಾಡಿದ ಪ್ರಮಾಣಪತ್ರ ಕಳಿಸುತ್ತಾರೆ. ತಿಂಗಳ ನಾಲ್ಕನೇ ಬುಧವಾರದೊಳಗೆ ಅದು ಕೈಸೇರದಿದ್ದರೆ ರಾಜ್ಯಕ್ಕೆ ಹೇಳಿ ತರಿಸಿಕೊಳ್ಳಬೇಕು. ಜನವರಿ 6ರ ಮಧ್ಯಾಹ್ನ 1 ಗಂಟೆಗೆ ಜಂಟಿ ಅಧಿವೇಶನ. ಉಪಾಧ್ಯಕ್ಷರು ವರ್ಣಮಾಲೆಯ ಕ್ರಮದಲ್ಲಿ ಒಂದೊಂದೇ ರಾಜ್ಯದ ಲಕೋಟೆ ತೆರೆದು ಟೆಲ್ಲರ್‌ಗಳಿಗೆ ಕೊಡುತ್ತಾರೆ. ಪ್ರತಿ ಸದನದಿಂದ ಇಬ್ಬರಂತೆ ಇರುವ ಈ ನಾಲ್ವರು ಸದಸ್ಯರೇ ಓದಿ, ಪಟ್ಟಿ ಮಾಡಿ ಎಣಿಸುವವರು. ಒಟ್ಟು 538 ಮತ, ಗೆಲ್ಲಲು 270 ಬೇಕು.

ತಕರಾರು ಎದ್ದರೆ? ಹಿಂದೆ ಒಬ್ಬ ಸೆನೆಟರ್, ಕೆಳಮನೆಯಾದ ಜನಪ್ರತಿನಿಧಿ ಸಭೆಯ ಒಬ್ಬ ಸದಸ್ಯ ಸಹಿ ಹಾಕಿದರೆ ಸಾಕಿತ್ತು. ಎರಡೂ ಸದನಗಳು ಬೇರೆಬೇರೆ ಕೂತು ಎರಡು ಗಂಟೆ ಚರ್ಚಿಸಿ ಮತ ಹಾಕಬೇಕಿತ್ತು. 2021ರಲ್ಲಿ ಅರಿಜೋನಾ, ಪೆನ್ಸಿಲ್ವೇನಿಯಾ ಮತಗಳ ಮೇಲೆ ಹೀಗೆಯೇ ಆಕ್ಷೇಪ ಬಂದು, ಅಧಿವೇಶನ ನಡೆಯುತ್ತಿದ್ದ ಸಂಸತ್ ಕಟ್ಟಡದ ಮೇಲೆ ದಾಳಿಯೂ ಆಗಿ, ಬೈಡನ್ ಅವರ 306-232ರ ಗೆಲುವು ಘೋಷಣೆಯಾಗುವಾಗ ನಸುಕಿನ ಮೂರು ಗಂಟೆ ಮೀರಿತ್ತು. ಮತಗಳನ್ನು ತಿರಸ್ಕರಿಸಿ ಎಂಬ ಒತ್ತಡಕ್ಕೆ ಉಪಾಧ್ಯಕ್ಷ ಪೆನ್ಸ್, ತಮಗೆ ಆ ಅಧಿಕಾರವಿಲ್ಲವೆಂದು ಪತ್ರದಲ್ಲೇ ಬರೆದುಕೊಟ್ಟಿದ್ದರು. 2022ರ ಡಿಸೆಂಬರ್‌ನಲ್ಲಿ ಬಂದ ಸುಧಾರಣಾ ಕಾಯ್ದೆ ಇದನ್ನೇ ಕಾನೂನಾಗಿಸಿತು: ಉಪಾಧ್ಯಕ್ಷರದ್ದು ವಿಧಿವತ್ ಕೆಲಸವಷ್ಟೇ, ವಿವಾದ ಬಗೆಹರಿಸುವ ಅಧಿಕಾರವಿಲ್ಲ. ಆಕ್ಷೇಪಕ್ಕೂ ಈಗ ಪ್ರತಿ ಸದನದ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು. ಅಂದರೆ ಸೆನೆಟ್‌ನಲ್ಲಿ 20, ಜನಪ್ರತಿನಿಧಿ ಸಭೆಯಲ್ಲಿ 87. ಆಮೇಲೂ ಎರಡೂ ಸದನ ಬಹುಮತದಿಂದ ಒಪ್ಪದೆ ಒಂದು ಮತವೂ ಬಿದ್ದುಹೋಗುವುದಿಲ್ಲ.

ಉಪಾಧ್ಯಕ್ಷರು ಆಯ್ಕೆ ಮಾಡಿದಂತೆ ಕಾಣುವ ಒಂದು ಪ್ರಸಂಗವನ್ನು ಆಗಾಗ ಎತ್ತುತ್ತಾರೆ. 1961ರಲ್ಲಿ ಹವಾಯಿಯಿಂದ ಬೇರೆಬೇರೆ ಪಟ್ಟಿಗಳು ಬಂದಿದ್ದವು. ಮರುಎಣಿಕೆಯಲ್ಲಿ ಗೆದ್ದಿದ್ದ ಕೆನಡಿಯ ಪಟ್ಟಿಯನ್ನೇ ಎಣಿಸೋಣವೆಂದು ಪೀಠದಲ್ಲಿದ್ದ ನಿಕ್ಸನ್ ಸೂಚಿಸಿದರು, ಅದೂ ತಾವೇ ಸೋತ ಅಭ್ಯರ್ಥಿಯಾಗಿದ್ದು. ಆದರೆ ಯಾರದಾದರೂ ಆಕ್ಷೇಪ ಇದೆಯೇ ಎಂದು ಸಭೆಯನ್ನು ಕೇಳಿ, ಇದು ಮುಂದಕ್ಕೆ ಪೂರ್ವನಿದರ್ಶನವಾಗಬಾರದೆಂದೂ ಸೇರಿಸಿದ್ದರು. ಅದನ್ನು ಅಧಿಕಾರಕ್ಕೆ ಪುರಾವೆ ಎನ್ನುವುದು ದೂರದ ಮಾತು. 2001ರಲ್ಲಿ ಅಲ್ ಗೋರ್, 2025ರಲ್ಲಿ ಕಮಲಾ ಹ್ಯಾರಿಸ್ ಕೂಡ ತಮ್ಮ ಸೋಲನ್ನು ತಾವೇ ಓದಿದರು. ಗೋರ್ ಅಂತೂ ಫ್ಲೋರಿಡಾದ ಮೇಲೆ ತಮ್ಮ ಪರವಾಗಿ ಎದ್ದ ಆಕ್ಷೇಪಗಳನ್ನು ಸೆನೆಟರ್ ಸಹಿ ಇಲ್ಲವೆಂದು ಒಂದೊಂದಾಗಿ ತಳ್ಳಿಹಾಕಿದರು.

ಉಪಾಧ್ಯಕ್ಷರು ಅಂದು ಬರದಿದ್ದರೂ ಎಣಿಕೆ ನಿಲ್ಲುವುದಿಲ್ಲ. 1969ರಲ್ಲಿ ಹಂಫ್ರಿ ಒಂದು ಅಂತ್ಯಕ್ರಿಯೆಗೆಂದು ನಾರ್ವೆಗೆ ಹೋಗಿದ್ದರು. ಸೆನೆಟ್‌ನ ಹಂಗಾಮಿ ಅಧ್ಯಕ್ಷ ರಿಚರ್ಡ್ ರಸೆಲ್ ಪೀಠದಲ್ಲಿ ಕೂತು ಲಕೋಟೆ ತೆರೆದರು.