ಆಷಾಢ ಬಂದರೆ ಹುರುಪು ಇಳಿದುಹೋಗುತ್ತೆ, ಗುರಿ ಹೇಗೆ ಇಟ್ಟುಕೊಳ್ಳಲಿ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ಚಿಕ್ಕ ಸ್ಟುಡಿಯೋ ಇದೆ ಸರ್. ಮದುವೆ ಫೋಟೋ, ವಿಡಿಯೋ ಎರಡೂ ಮಾಡ್ತೀನಿ. ಪ್ರತಿ ಜನವರಿಯಲ್ಲೂ ‘ಈ ವರ್ಷ ಐವತ್ತು ಮದುವೆ’ ಅಂತ ಡೈರಿಯಲ್ಲಿ ಬರೀತೀನಿ. ಆಷಾಢದ ಹೊತ್ತಿಗೆ ಕ್ಯಾಮೆರಾ ಮುಟ್ಟೋಕೂ ಮನಸ್ಸಿರಲ್ಲ. ಏನು ಮಾಡಲಿ?

ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಬೇಕಾದಷ್ಟು ಜನ ಕೇಳುತ್ತಾರೆ. ಮೊದಲು ಹೇಳಿ, ಆ ಐವತ್ತು ಎಲ್ಲಿಂದ ಬಂತು? ಪಕ್ಕದ ಊರಿನವರು ಅಷ್ಟು ಮಾಡಿದರು ಅಂತ ಕೇಳಿರಬೇಕು, ಅಲ್ವಾ?

ಮದುವೆ ಎಷ್ಟು ಸಿಗುತ್ತವೆ ಅನ್ನುವುದು ಅರ್ಧ ನಿಮ್ಮ ಕೈಯಲ್ಲಿದೆ, ಅರ್ಧ ಪಂಚಾಂಗದ ಕೈಯಲ್ಲಿದೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಎಲ್ಲರಿಗೂ ಗೊತ್ತು. ಗುರು, ಶುಕ್ರ ಅಸ್ತ ಇದ್ದಾಗಲೂ ಬಹಳ ಮನೆಗಳಲ್ಲಿ ಮುಹೂರ್ತ ಇಡುವುದಿಲ್ಲ. ಇದರ ಮೇಲೆ ಅಧಿಕ ಮಾಸ. 2023ರಲ್ಲಿ ಆಷಾಢ ಮುಗಿಯಿತು ಅನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂತು, ಸಾಲಾಗಿ ಎರಡು ತಿಂಗಳು ಖಾಲಿ. 2026ರಲ್ಲಿ ಅಧಿಕ ಜ್ಯೇಷ್ಠ. ಮೇ 17ರಿಂದ ಜೂನ್ 15ರವರೆಗೆ, ಅಂದರೆ ಒಳ್ಳೆ ಸೀಸನ್ನಿನ ನಡುವೆಯೇ ಒಂದು ತಿಂಗಳು ಹೋಯಿತು. ಇಂಥ ವರ್ಷದಲ್ಲೂ ಅದೇ ಐವತ್ತು ಬರೆದುಕೊಂಡರೆ ಬೇಜಾರಾಗದೆ ಇನ್ನೇನಾಗುತ್ತೆ? ಆದ್ದರಿಂದ ಗುರಿಯನ್ನು ಜನವರಿ ಡೈರಿಯಲ್ಲಿ ಬರೆಯಬೇಡಿ. ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ಮೇಲೆ ಮುಹೂರ್ತದ ದಿನಗಳನ್ನು ಗುರುತು ಮಾಡಿಕೊಂಡು ಕೂತು ಬರೆಯಿರಿ. ನಿಮ್ಮ ಕಡೆ ಮುಸ್ಲಿಂ, ಕ್ರೈಸ್ತ ಮದುವೆಗಳ ಕೆಲಸ ಬರುತ್ತಿದ್ದರೆ ಅವರ ಲೆಕ್ಕ ಬೇರೆ. ಅಲ್ಲಿ ರಂಜಾನ್ ತಿಂಗಳು, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಸಪ್ಪೆ.

ಇನ್ನು ಸಂಖ್ಯೆ. ಅದನ್ನು ಆಸೆಯಿಂದಲ್ಲ, ಖರ್ಚಿನಿಂದ ತೆಗೆಯಬೇಕು. ಉದಾಹರಣೆಗೆ ಮನೆಗೆ ತಿಂಗಳಿಗೆ 25 ಸಾವಿರ, ಅಂಗಡಿ ಬಾಡಿಗೆ 8, ಕ್ಯಾಮೆರಾ ಸಾಲದ ಕಂತು 9, ಕರೆಂಟು, ಇಂಟರ್‌ನೆಟ್ ಎಲ್ಲ ಸೇರಿ 3 ಅಂತಿಟ್ಟುಕೊಳ್ಳಿ. ಒಟ್ಟು 45 ಸಾವಿರ, ವರ್ಷಕ್ಕೆ 5 ಲಕ್ಷ 40 ಸಾವಿರ. ಒಂದು ಮದುವೆಗೆ 60 ಸಾವಿರ ತಗೊಂಡರೂ ವಿಡಿಯೋದವನು, ಕ್ಯಾಂಡಿಡ್ ಅಂದರೆ ಪೋಸ್ ಇಲ್ಲದ ಸಹಜ ಫೋಟೋ ತೆಗೆಯುವ ಹುಡುಗ, ಆಲ್ಬಂ, ಎಡಿಟಿಂಗ್, ಪೆಟ್ರೋಲ್ ಅಂತ 40 ಹೋಗುತ್ತೆ. ಉಳಿಯುವುದು 20. ಹಾಗಾದರೆ ಬೇಕಾದದ್ದು 27 ಮದುವೆ. ಮುಂದಿನ ಕ್ಯಾಮೆರಾಕ್ಕೆ ಅಂತ ವರ್ಷಕ್ಕೆ 40 ಸಾವಿರ ಎತ್ತಿಟ್ಟರೆ ಇನ್ನೆರಡು ಸೇರಿಸಿ, 29. ಎತ್ತಿಡುವುದು ಯಾಕೆ ಅಂದರೆ, ನಿಕಾನ್ ಡಿ750 ಕ್ಯಾಮೆರಾದ ಶಟರ್ ಅನ್ನು ಕಂಪನಿಯವರು ಪರೀಕ್ಷೆ ಮಾಡಿರುವುದು ಒಂದೂವರೆ ಲಕ್ಷ ಕ್ಲಿಕ್‌ಗೆ. ಮದುವೆಗೆ ಮೂರು ಸಾವಿರ ಕ್ಲಿಕ್ ಹೊಡೆದರೆ ಎರಡನೇ ವರ್ಷದಲ್ಲೇ ಅದು ದಾಟುತ್ತೆ. ದಾಟಿದ ಕೂಡಲೇ ನಿಲ್ಲುತ್ತೆ ಅಂತಲ್ಲ, ಆದರೆ ಧಾರೆ ಹೊತ್ತಿಗೆ ಕೈಕೊಟ್ಟರೆ ಯಾರನ್ನು ಕೇಳೋಣ?

29 ಮದುವೆಗೆ ಬಿಲ್ಲು 17 ಲಕ್ಷ 40 ಸಾವಿರ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು, ಅದೂ ಲಾಭದ ಮೇಲಲ್ಲ, ಪೂರ್ತಿ ಬಿಲ್ಲಿನ ಮೇಲೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿರಬೇಕಲ್ಲ. ಐವತ್ತು ಮದುವೆ ಅಂತ ಬರೆಯುವ ಮುಂಚೆ ಇದನ್ನೂ ನೋಡಿ.

ಈಗ ಹುರುಪಿನ ಮಾತು. ಕೆಲಸ ಇಲ್ಲದ್ದಕ್ಕೆ ಮನಸ್ಸು ಇಳಿಯುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಮುಗಿಯದ ಕೆಲಸ ತಲೆ ಮೇಲೆ ಕೂತಿರುವುದಕ್ಕೆ ಇಳಿಯುತ್ತೆ. ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಎಷ್ಟು ಆಲ್ಬಂ ಬಾಕಿ ಇವೆ, ಇವತ್ತೇ ಎಣಿಸಿ.

ಆಗುವುದು ಹೀಗೆ. ಮದುವೆ ಮುಗಿದ ವಾರಕ್ಕೆ ಎರಡೂವರೆ ಸಾವಿರ ಫೋಟೋ ಪೆನ್‌ಡ್ರೈವ್‌ಗೆ ಹಾಕಿ, ‘ಇನ್ನೂರು ಸೆಲೆಕ್ಟ್ ಮಾಡಿ ಕೊಡಿ’ ಅಂತ ಕೊಡುತ್ತೀರಿ. ಹುಡುಗ ಬೆಂಗಳೂರಿಗೆ ಡ್ಯೂಟಿಗೆ ಹೋದ. ಹುಡುಗಿ ಕೂತು ನೂರು ಆರಿಸಿದಳು. ಅದರಲ್ಲಿ ನಾದಿನಿಯದು ಎರಡೇ ಅಂತ ಒಂದು ಮಾತು ಬಂತು. ಪೆನ್‌ಡ್ರೈವ್ ಶೋಕೇಸ್ ಸೇರಿತು. ಎಂಟು ತಿಂಗಳು ಬಿಟ್ಟು ಸಂತೆಯಲ್ಲಿ ಸಿಕ್ಕ ಹುಡುಗಿಯ ಅಪ್ಪ, ‘ಏನ್ರೀ, ಆಲ್ಬಂ ಕೊಡಲೇ ಇಲ್ಲ’ ಅಂತ ಎಲ್ಲರೆದುರು ಕೇಳುತ್ತಾರೆ. ನಿಮ್ಮ ಬಾಕಿ 20 ಸಾವಿರವೂ ಅಲ್ಲೇ ನಿಂತಿದೆ. ಅಂದರೆ ಆ ಮದುವೆಯಲ್ಲಿ ನಿಮಗೆ ಉಳಿಯಬೇಕಾದ ದುಡ್ಡೆಲ್ಲ ಅದೇ! ಇಂಥವು ಹತ್ತು ಇದ್ದರೆ ಯಾರಿಗೆ ತಾನೇ ಕ್ಯಾಮೆರಾ ಮುಟ್ಟುವ ಮನಸ್ಸಾಗುತ್ತೆ?

ಹಾಗಾಗಿ ಎರಡೂವರೆ ಸಾವಿರವನ್ನು ಒಟ್ಟಿಗೆ ಸುರಿಯಬೇಡಿ. ನೀವೇ ಮುನ್ನೂರು ಆರಿಸಿ. ಚಪ್ಪರ, ಅರಿಶಿನ, ಧಾರೆ, ಮಾಂಗಲ್ಯ, ಸಪ್ತಪದಿ, ಆರತಕ್ಷತೆ ಅಂತ ಫೋಲ್ಡರ್ ಮಾಡಿ. ಎರಡೂ ಕಡೆಯ ಹತ್ತಿರದವರು ಒಂದೊಂದರಲ್ಲಾದರೂ ಇರಲಿ. ‘ಇದರಲ್ಲಿ ಬೇಡದ್ದು ಹೇಳಿ’ ಅಂತ ಕೇಳಿ. ಬೇಕಾದ್ದು ಆರಿಸುವುದಕ್ಕಿಂತ ಬೇಡದ್ದು ತೆಗೆಯುವುದು ಜನಕ್ಕೆ ಸುಲಭ. ಬುಕಿಂಗ್ ದಿನವೇ ಬಿಲ್ಲಿನಲ್ಲಿ ಬರೆಯಿರಿ: ಮೂವತ್ತು ದಿನದಲ್ಲಿ ಸೆಲೆಕ್ಷನ್ ಬಾರದಿದ್ದರೆ ಆಯ್ಕೆ ನಮ್ಮದು. ದುಡ್ಡಿನ ವಿಷಯದಲ್ಲೂ ಗಟ್ಟಿ ಇರಿ. ದೊಡ್ಡ ಪಾಲು ಧಾರೆಯ ಹಿಂದಿನ ದಿನವೇ ಬರಲಿ, ಉಳಿದದ್ದು ಡಿಸೈನ್ ಒಪ್ಪಿದ ಮೇಲೆ, ಪ್ರಿಂಟಿಗೆ ಕಳಿಸುವ ಮುಂಚೆ. ‘ಆಲ್ಬಂ ಕೊಡುವಾಗ ನೋಡೋಣ’ ಅನ್ನುವವರ ಬಾಕಿ ಬೇಗ ಬರುವುದಿಲ್ಲ, ಬರೆದಿಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಆಷಾಢಕ್ಕೆ ಒಂದೇ ಗುರಿ ಸಾಕು: ಬಾಕಿ ಆಲ್ಬಂ ಸೊನ್ನೆ. ದಿನಕ್ಕೆ ಎರಡು ಮನೆಗೆ ಫೋನ್ ಮಾಡಿ. ರೀಲ್ಸ್ ಎಷ್ಟು ಜನ ನೋಡಿದರು ಅನ್ನುವುದನ್ನು ಗುರಿ ಮಾಡಿಕೊಳ್ಳಬೇಡಿ. ಅದು ಪಂಚಾಂಗಕ್ಕಿಂತಲೂ ಕಡಿಮೆ ನಿಮ್ಮ ಕೈಯಲ್ಲಿದೆ.

ಖರ್ಚಿಗೆ ದುಡ್ಡು ಬೇಕಲ್ಲ ಅಂದರೆ, ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಗುರುತಿನ ಚೀಟಿಯ ಫೋಟೋ ಕೆಲಸ ಆಗಲೇ ಬರುತ್ತೆ. ಮೇ ತಿಂಗಳಲ್ಲೇ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿಟ್ಟಿರಿ, ಆಷಾಢದಲ್ಲಿ ಹೋದರೆ ಬೇರೆಯವರು ಮುಗಿಸಿರುತ್ತಾರೆ.

ಮದುವೆ ಬಿಟ್ಟು ಬೇರೇನಾದರೂ ತೆಗೆಯುವ ಆಸೆ ಇದ್ದರೆ ಫೋಟೋ ಸ್ಪರ್ಧೆಗೆ ಕಳಿಸಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹಳೆಯ ಸಂಘಗಳು ಸಲೂನ್, ಅಂದರೆ ಇಂಥ ಫೋಟೋ ಸ್ಪರ್ಧೆ ನಡೆಸುತ್ತವೆ. ಬಹುಮಾನ ಬರಲಿ ಬಿಡಲಿ, ಕಳಿಸಲು ಒಂದು ಕೊನೆಯ ದಿನಾಂಕ ಇರುತ್ತೆ. ನಮ್ಮಂಥವರಿಗೆ ಅದು ಬೇಕು.

ಸಾಲಾಗಿ ನಿದ್ದೆಗೆಟ್ಟು ಸುಸ್ತಾಗಿದ್ದರೆ ಹದಿನೈದು ದಿನ ಕ್ಯಾಮೆರಾ ಮುಟ್ಟದಿದ್ದರೂ ಏನೂ ಆಗಲ್ಲ. ಆದರೆ ಬ್ಯಾಗಿನಲ್ಲೇ ಬಿಡಬೇಡಿ. ಮಲೆನಾಡು, ಕರಾವಳಿಯ ಮಳೆಗೆ ಬ್ಯಾಗಿನೊಳಗೇ ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.